ಜರ್ಮನಿ ಪಕ್ಕ ನೌರು ಇಟ್ಟು ಚಾರ್ಟ್ ಮಾಡೋದಾದ್ರೆ ಯಾವ ಸಾಲು ಹಾಕ್ಬೇಕು?

ಸಮಾಜ ಮೇಷ್ಟ್ರು
ಎಲ್ರಿಗೂ ನಮಸ್ಕಾರ. ಎಂಟನೇ ಕ್ಲಾಸಿಗೆ ಒಂದು ಚಟುವಟಿಕೆ ಕೊಟ್ಟಿದ್ದೀನಿ, ಒಂದು ದೊಡ್ಡ ದೇಶ ಒಂದು ಪುಟ್ಟ ದೇಶ ಆರಿಸ್ಕೊಂಡು ಪಕ್ಕಪಕ್ಕ ಚಾರ್ಟ್ ಮಾಡ್ಬೇಕು. ಒಂದು ಗುಂಪಿನವರು ಜರ್ಮನಿ ಮತ್ತೆ ನೌರು ತಗೊಂಡಿದ್ದಾರೆ. ಜರ್ಮನಿ 3,57,000 ಚದರ ಕಿ.ಮೀ, ಅಂದ್ರೆ ಹೆಚ್ಚುಕಮ್ಮಿ ಎರಡು ಕರ್ನಾಟಕ. ನೌರು ಪೆಸಿಫಿಕ್ ಸಾಗರದ ಒಂದು ದ್ವೀಪ ದೇಶ, ಬರೀ 21 ಚದರ ಕಿ.ಮೀ. ಅಲ್ಲಿ 8 ಕೋಟಿ ದಾಟಿದ ಜನ, ಇಲ್ಲಿ ಸುಮಾರು 12 ಸಾವಿರ. ವಿಸ್ತೀರ್ಣ, ಜನಸಂಖ್ಯೆ, ರಾಜಧಾನಿ, ನಾಣ್ಯ, ಜಿಡಿಪಿ ಬರೆದಾದ್ಮೇಲೆ ಚಾರ್ಟು ಅಲ್ಲಿಗೇ ನಿಂತುಬಿಟ್ಟಿದೆ. ಸ್ಟಾಫ್ ರೂಮಲ್ಲಿ ಒಬ್ರು ಇದು ಹೋಲಿಕೆನೇ ಅಲ್ಲ, ಜರ್ಮನಿ ಪಕ್ಕ ಫ್ರಾನ್ಸ್ ಇಡಿ ಅಂತಾರೆ. ನನಗೆ ಒಪ್ಪಿಗೆ ಇಲ್ಲ. ಈ ಎರಡು ದೇಶದ ನಡುವೆ ಏನೋ ಹೇಳೋಕಿದೆ ಅನ್ಸುತ್ತೆ. ಯಾವ ಸಾಲು ಹಾಕಿದ್ರೆ ಮಕ್ಕಳಿಗೆ ಏನಾದ್ರೂ ಹತ್ತುತ್ತೆ ಹೇಳಿ.

ಹುಬ್ಳಿ ಹೈದ
ಅಲ್ರೀ ಸರ, ನಿಮ್ಮ ಸ್ಟಾಫ್ ರೂಮಿನ್ಯಾವ್ರು ಹೇಳಿದ್ದ ಖರೆ ಐತಿ. 17 ಸಾವಿರ ಪಟ್ಟು ದೊಡ್ಡದು ಅಂತ ಬರದ್ರ ಹುಡುಗ್ರು ಹೌದಾ ಅಂತಾರ, ಮುಂದ? ಇದ್ರಾಗ ಕಲಿಯೂದೇನೈತಿ.

ಮ್ಯಾಪ್ ಮರುಳ
ಸಂಖ್ಯೆ ಬಿಡಿ, ಬಿಡಿಸೋಕೆ ಹೇಳಿ. ಜರ್ಮನಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 880 ಕಿ.ಮೀ ಉದ್ದ, ನೌರು 6 ಕಿ.ಮೀ. ಕಪ್ಪು ಹಲಗೆ ಮೇಲೆ ಜರ್ಮನಿನ ಒಂದು ಮೀಟರ್ ಎತ್ತರಕ್ಕೆ ಬಿಡಿಸಿದ್ರೆ ನೌರು 7 ಮಿಲಿಮೀಟರ್ ಬರುತ್ತೆ. ಇದನ್ನ ಮಕ್ಕಳೇ ಲೆಕ್ಕ ಹಾಕಿ ಬಿಡಿಸಿದ್ರೆ 17 ಸಾವಿರ ಪಟ್ಟು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಇನ್ನೊಂದು, ರಾಜಧಾನಿ ಸಾಲಲ್ಲಿ ಯಾರೆನ್ ಅಂತ ಬರೆದಿದ್ರೆ ಅಲ್ಲೊಂದು ಟಿಪ್ಪಣಿ ಹಾಕ್ಸಿ. ನೌರುಗೆ ಅಧಿಕೃತ ರಾಜಧಾನಿ ಇಲ್ಲ. ಪಾರ್ಲಿಮೆಂಟು, ಸರ್ಕಾರಿ ಆಫೀಸು ಯಾರೆನ್ ಜಿಲ್ಲೆಯಲ್ಲಿವೆ ಅಷ್ಟೆ.

ಚುಕ್ಕಿ ಚಂದ್ರಮ
ಬಾವುಟ ಹಾಕ್ಸಿ ಸರ್, ಮಕ್ಕಳಿಗೆ ಇಷ್ಟ ಆಗುತ್ತೆ. ನೀಲಿ ಮೇಲೆ ಹಳದಿ ಗೆರೆ, ಅದು ಭೂಮಧ್ಯರೇಖೆ. ಗೆರೆ ಕೆಳಗೆ ಬಿಳಿ ನಕ್ಷತ್ರ, ಅದು ನೌರು, ರೇಖೆಯಿಂದ ಒಂಚೂರೇ ದಕ್ಷಿಣಕ್ಕಿದೆ ಅಲ್ವಾ. ನಕ್ಷತ್ರಕ್ಕೆ 12 ಮೂಲೆ, 12 ಬುಡಕಟ್ಟು. ಬಾವುಟ ನೋಡಿನೇ ದ್ವೀಪ ಎಲ್ಲಿದೆ ಅಂತ ಹೇಳ್ಬಹುದು, ಹಾಗಿರೋ ಬಾವುಟ ಬಹಳ ಕಮ್ಮಿ.

ಓದುಗ77
ಯಾರೂ ಮುಖ್ಯ ವಿಷಯಕ್ಕೆ ಬರ್ಲಿಲ್ಲ. ನೌರು ಜರ್ಮನಿಯ ವಸಾಹತೇ ಆಗಿತ್ತು ಕಣ್ರೀ! 1886ರಲ್ಲಿ ಬ್ರಿಟನ್ನು ಜರ್ಮನಿ ಕೂತ್ಕೊಂಡು ಪಶ್ಚಿಮ ಪೆಸಿಫಿಕ್ ಮೇಲೆ ಗೆರೆ ಎಳೆದು ಹಂಚ್ಕೊಂಡ್ರು, ನೌರು ಜರ್ಮನಿ ಪಾಲಿಗೆ ಬಂತು. ಅಲ್ಲಿನವರನ್ನ ಒಂದು ಮಾತು ಕೇಳಿದವರಿಲ್ಲ. 1888ರಲ್ಲಿ ಜರ್ಮನ್ ಯುದ್ಧನೌಕೆ ಬಂತು, ಆಗ ದ್ವೀಪದಲ್ಲಿ ಕುಲಗಳ ನಡುವೆ ಹತ್ತು ವರ್ಷದ ಜಗಳ ನಡೀತಿತ್ತು, ವ್ಯಾಪಾರಿ ಹಡಗಿನವರು ಮಾರಿದ ಬಂದೂಕಿಂದಲೇ ಅದು ಅಷ್ಟು ಕೆಟ್ಟದಾಗಿದ್ದು. ಜರ್ಮನ್ನರು ಮುಖಂಡರನ್ನ ಹಿಡಿದಿಟ್ಟು ಬಂದೂಕೆಲ್ಲ ಒಪ್ಪಿಸಿ ಅಂದ್ರು, ನೂರಾರು ಬಂದೂಕು ಬಂತು, ಜಗಳ ನಿಲ್ತು. ಅಲ್ಲಿಂದ 1914ರವರೆಗೆ ಜರ್ಮನಿ ಆಳ್ವಿಕೆ, ಆಮೇಲೆ ಆಸ್ಟ್ರೇಲಿಯಾ ಸೈನ್ಯ ಬಂದು ತಗೊಂಡ್ತು.

ಫ್ರಾನ್ಸ್ ಪಕ್ಕ ಇಟ್ರೆ ಈ ಕಥೆ ಎಲ್ಲಿ ಸಿಗ್ಬೇಕು? ಇವೆರಡು ದೇಶ ಒಂದೇ ಆಡಳಿತದಲ್ಲಿ 26 ವರ್ಷ ಇದ್ದವು. ಇದೇ ಮೊದಲನೇ ಸಾಲು ಆಗ್ಬೇಕು.

ಹುಬ್ಳಿ ಹೈದ
ಇದು ನನಗ ಗೊತ್ತಿದ್ದಿಲ್ಲ ನೋಡ್ರಿ. ಹಂಗಾದ್ರ ಅಲ್ಲಿ ನೆಲದಾಗಿನ ಗೊಬ್ಬರದ ಕಲ್ಲು, ಆ ಫಾಸ್ಫೇಟ್, ಜರ್ಮನ್ರೇ ತಗದ್ರೇನು?

ಓದುಗ77
ಅನುಮತಿ ಜರ್ಮನಿದು, ಅಗೆದದ್ದು ಬ್ರಿಟಿಷ್ ಕಂಪನಿ. ಸಿಡ್ನಿಯ ಆಫೀಸೊಂದರಲ್ಲಿ ಬಾಗಿಲಿಗೆ ಅಡ್ಡ ಇಟ್ಟಿದ್ದ ಒಂದು ಕಲ್ಲು ಇತ್ತು, ನೌರುನಿಂದ ತಂದದ್ದು. ಎಲ್ರೂ ಅದನ್ನ ಮರ ಕಲ್ಲಾಗಿರೋದು ಅಂದ್ಕೊಂಡಿದ್ರು. ಆಲ್ಬರ್ಟ್ ಎಲ್ಲಿಸ್ ಅನ್ನೋ ನೌಕರನಿಗೆ ಅನುಮಾನ ಬಂದು ಪರೀಕ್ಷೆ ಮಾಡ್ಸಿದ, 1900ರಲ್ಲಿ ಗೊತ್ತಾಯ್ತು ಉತ್ತಮ ದರ್ಜೆ ಫಾಸ್ಫೇಟ್ ಅಂತ. ಆಮೇಲೆ ಕಂಪನಿ ಜರ್ಮನ್ನರ ಜೊತೆ ಒಪ್ಪಂದ ಮಾಡ್ಕೊಂಡು 1907ರಲ್ಲಿ ಮೊದಲ ಹಡಗು ತುಂಬಿ ಕಳಿಸ್ತು. ಜರ್ಮನ್ ಕಂಪನಿಗೆ ಪಾಲು, ಬ್ರಿಟಿಷರಿಗೆ ಲಾಭ, ನೆಲದ ಮಾಲೀಕರಿಗೆ ಪುಡಿಗಾಸು. ಮೊದಲ ಮಹಾಯುದ್ಧ ಆದ್ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಅಂತ ಮಾಡಿ ತಮ್ಮ ರೈತರಿಗೆ ಅಗ್ಗದ ಗೊಬ್ಬರ ಸಾಗಿಸಿದ್ರು. ಆಸ್ಟ್ರೇಲಿಯಾದ ಗೋಧಿ ಹೊಲ, ನ್ಯೂಜಿಲೆಂಡಿನ ಹುಲ್ಲುಗಾವಲು ಬೆಳೆದದ್ದರಲ್ಲಿ ಈ ದ್ವೀಪದ ಮಣ್ಣಿನ ದೊಡ್ಡ ಪಾಲು ಇದೆ.

ಬ್ರಿಸ್ಬೇನ್ ಬಸವ
ನಾನು ಇರೋ ಊರಿಂದಲೇ ನೌರುಗೆ ವಿಮಾನ ಹೋಗೋದು. ಇಲ್ಲಿ ಹೊಸಬರಿಗೆ ನೌರು ಅಂದ್ರೆ ಒಂದೇ ವಿಷಯ, ನಿರಾಶ್ರಿತರ ಕ್ಯಾಂಪು. 2001ರಲ್ಲಿ ನಿರಾಶ್ರಿತರನ್ನ ಸಮುದ್ರದಲ್ಲಿ ಕಾಪಾಡಿ ತಂದ ಟಾಂಪಾ ಹಡಗನ್ನ ಆಸ್ಟ್ರೇಲಿಯಾ ಒಳಗೆ ಬಿಡಲ್ಲ ಅಂದು ಗಲಾಟೆ ಆದಾಗ ಶುರು ಮಾಡಿದ್ರು, 2008ರಲ್ಲಿ ಮುಚ್ಚಿದ್ರು, 2012ರಲ್ಲಿ ಮತ್ತೆ ತೆಗೆದ್ರು. ಆಸ್ಟ್ರೇಲಿಯಾಕ್ಕೆ ದೋಣಿಯಲ್ಲಿ ಬಂದವರನ್ನ ಇಲ್ಲಿಗೆ ಸೇರಿಸದೆ ಅಲ್ಲಿ ಕೂರಿಸೋದು, ಅದಕ್ಕೆ ನೌರುಗೆ ದುಡ್ಡು ಕೊಡೋದು. ಇದೇ ಸಾಲಲ್ಲಿ ಜರ್ಮನಿಗೆ 2015 ಬರೀಬಹುದು, ಆ ಒಂದು ವರ್ಷ ಸುಮಾರು 8.9 ಲಕ್ಷ ಜನ ಆಶ್ರಯ ಕೇಳ್ಕೊಂಡು ಬಂದ್ರು.

ಹುಬ್ಳಿ ಹೈದ
ಅಂದ್ರ ನೌರು ದುಡ್ಡಿಗಾಗಿ ಏನ್ ಬೇಕಾದ್ರೂ ಮಾಡ್ತದ ಅಂತಾತು. ಪಾಸ್‌ಪೋರ್ಟ್ ಸುದ್ದಾ ಮಾರ್ತಾರಂತ ಓದೇನಿ.

ಓದುಗ77
ಹಾಗನ್ನೋದು ಸುಲಭ. ಅರವತ್ತು ವರ್ಷಕ್ಕೂ ಮೇಲೆ ಮೂರು ನಾಲ್ಕು ದೇಶ ಸೇರಿ ನೆಲ ಖಾಲಿ ಮಾಡಿವೆ, ಆಮೇಲೆ ನೌರುನವರೂ ಅಗೆದ್ರು, ನೂರರಲ್ಲಿ ಎಂಬತ್ತು ಭಾಗ ಗಣಿಗೆ ಹೋಗಿದೆ. ನದಿ ಇಲ್ಲ, ಕುಡಿಯೋ ನೀರು ಬಹುಪಾಲು ಸಮುದ್ರದ ನೀರು ಸಿಹಿ ಮಾಡಿ ಆಗ್ಬೇಕು. ತರಕಾರಿ ಬೆಳೆಯೋಕೆ ಕರಾವಳಿ ಅಂಚು, ಬುವಾಡಾ ಕೊಳದ ಸುತ್ತ ಬಿಟ್ರೆ ಜಾಗ ಇಲ್ಲ. ಅಂಥ ದೇಶ ಮಾರೋಕೆ ಏನಿದೆ ಹೇಳಿ, ಸಾರ್ವಭೌಮತ್ವ ಬಿಟ್ರೆ? ಮಾರಿದ್ದು ಸರಿ ಅಂತ ನಾನೂ ಹೇಳಲ್ಲ. 90ರ ದಶಕದಲ್ಲಿ ಹೆಸರಿಗೆ ಮಾತ್ರ ಇರೋ ಬ್ಯಾಂಕುಗಳಿಗೆ ಲೈಸೆನ್ಸ್ ಕೊಟ್ಟು ರಷ್ಯಾದ ಕಪ್ಪುಹಣಕ್ಕೆ ದಾರಿ ಮಾಡಿಕೊಟ್ರು, ಅದು ತಪ್ಪೇ. ಕ್ಯಾಂಪಿನಲ್ಲಿ ಇದ್ದವರು ಪಟ್ಟ ಕಷ್ಟವೂ ಸುಳ್ಳಲ್ಲ. ಆದ್ರೆ ಕ್ಯಾಂಪು ಬೇಕು ಅಂತ ಕೇಳಿದ ದೊಡ್ಡ ದೇಶದ ಹೆಸರು ಬಿಟ್ಟು ಬರೀ ಸಣ್ಣ ದೇಶನ ಬೈಯೋದು ನ್ಯಾಯ ಅಲ್ಲ.

ಬ್ರಿಸ್ಬೇನ್ ಬಸವ
ಒಪ್ತೀನಿ. ಇಲ್ಲಿನ ತೆರಿಗೆದಾರನಾಗಿ ಆ ದುಡ್ಡಲ್ಲಿ ನನ್ನದೂ ಇದೆ, ಅದು ನನಗೆ ಬೇಜಾರು.

ಎಸ್ಸೆನ್ ಕನ್ನಡಿಗ
ಮೇಷ್ಟ್ರೇ, ನಾನು ಜರ್ಮನಿಯ ರೂರ್ ಪ್ರದೇಶದಲ್ಲಿದ್ದೀನಿ. ನೌರು ಬಗ್ಗೆ ಓದಿದಾಗೆಲ್ಲ ನನಗೆ ನಮ್ಮ ಊರೇ ಕಣ್ಮುಂದೆ ಬರುತ್ತೆ, ಯಾಕಂದ್ರೆ ಎರಡೂ ನೆಲ ಅಗೆದು ಬದುಕಿದ ಜಾಗ. ನಿಮ್ಮ ಚಾರ್ಟಿಗೆ ನಾನು ಕೊಡೋ ಸಾಲು ಇದು: ಗಣಿ ಮುಗಿದ ಮೇಲೆ ಏನಾಯ್ತು?

ಇಲ್ಲಿ ನೂರೈವತ್ತು ವರ್ಷಕ್ಕೂ ಮೇಲೆ ಕಲ್ಲಿದ್ದಲು ತೆಗೆದಿದ್ದಾರೆ. ಕೊನೆಯ ಗಣಿ ಬೊಟ್ರೊಪ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದ್ರೆ ಮುಚ್ಚಿದ್ರೆ ಮುಗೀಲಿಲ್ಲ. ಕೆಳಗೆಲ್ಲ ಟೊಳ್ಳು ಮಾಡಿರೋದ್ರಿಂದ ಮೇಲಿನ ನೆಲ ಕುಸಿದಿದೆ, ಎಸ್ಸೆನ್ ಸುತ್ತಮುತ್ತ ಕೆಲವು ಕಡೆ 20 ಮೀಟರ್‌ವರೆಗೂ ಇಳಿದಿದೆ. ಹಾಗಾಗಿ ಹಳ್ಳದ ನೀರು ಹರಿಯೋ ದಿಕ್ಕೇ ಇಲ್ಲ, ಪಂಪ್ ಮಾಡಿ ಎತ್ತಿ ಹಾಕ್ಬೇಕು. ಗಣಿಯೊಳಗಿನ ನೀರು ಮೇಲೆ ಬಂದು ಕುಡಿಯೋ ನೀರಿಗೆ ಸೇರ್ಬಾರದು, ಅದನ್ನೂ ಪಂಪ್ ಮಾಡ್ಬೇಕು. ಎಷ್ಟು ದಿನ? ಯಾವತ್ತಿಗೂ. ಪಂಪ್ ನಿಲ್ಲಿಸಿದ್ರೆ ಲಕ್ಷಾಂತರ ಜನ ಇರೋ ಊರುಗಳು ಕೆರೆ ಆಗ್ತವೆ. ನಾನು ಸಂಜೆ ವಾಕ್ ಹೋಗೋ ದಾರಿಯಲ್ಲಿ ಒಂದು ಪಂಪ್ ಮನೆ ಇದೆ, ಗೋಡೆ ಹತ್ರ ನಿಂತ್ರೆ ಮೋಟಾರಿನ ಗುಂಯ್ ಸದ್ದು ಕೇಳುತ್ತೆ, ಒಂದು ಪಕ್ಕ ಹಳ್ಳ ಕೆಳಗೆ, ಇನ್ನೊಂದು ಪಕ್ಕ ಅದೇ ನೀರು ಎರಡಾಳು ಮೇಲೆ. ಮೊದಲ ಸಲ ನೋಡಿದವರಿಗೆ ನೀರು ಏರಿ ಹರೀತಿದೆಯೇನೋ ಅನ್ಸುತ್ತೆ.

ಇದಕ್ಕೆ ದುಡ್ಡು ಎಲ್ಲಿಂದ ಅಂದ್ರೆ 2007ರಲ್ಲಿ ಆರ್‌ಎಜಿ ಫೌಂಡೇಶನ್ ಅಂತ ಮಾಡಿದ್ರು. ಗಣಿ ಕಂಪನಿ ಹತ್ರ ಇದ್ದ ಕೆಮಿಕಲ್ ವ್ಯವಹಾರ ಎಲ್ಲ ಅದರ ಹೆಸರಿಗೆ ಬಂತು, ಅದೇ ಈಗಿನ ಎವೊನಿಕ್. ಅದರ ಷೇರು, ಡಿವಿಡೆಂಡಿನಿಂದ ವರ್ಷಕ್ಕೆ 20 ಕೋಟಿ ಯೂರೋಗಿಂತ ಜಾಸ್ತಿ ಈ ಪಂಪುಗಳಿಗೇ ಹೋಗುತ್ತೆ. ಗಮನಿಸಿ, ಗಣಿ ಮುಚ್ಚೋಕೆ ಹನ್ನೊಂದು ವರ್ಷ ಮೊದಲೇ ಆ ವ್ಯವಸ್ಥೆ ಆಗಿತ್ತು.

ಓದುಗ77
ಅಬ್ಬಾ, ಇದು ಬೇಕಿತ್ತು. ಯಾಕಂದ್ರೆ ನೌರು ಕೂಡ ಇದನ್ನೇ ಮಾಡಿತ್ತು! 1968ರಲ್ಲಿ ಸ್ವಾತಂತ್ರ್ಯ ಬಂತು, 1970ರಲ್ಲಿ 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ತಮ್ಮದೇ ನೆಲದ ಗಣಿನ ತಾವೇ ಕೊಂಡ್ಕೊಂಡ್ರು. ಬಂದ ದುಡ್ಡಲ್ಲಿ ಒಂದು ಪಾಲು ಟ್ರಸ್ಟಿಗೆ ಹಾಕ್ತಿದ್ರು, ಫಾಸ್ಫೇಟ್ ಮುಗಿದ ಮೇಲೆ ಮೊಮ್ಮಕ್ಕಳಿಗೆ ಅಂತ. 70, 80ರ ದಶಕದಲ್ಲಿ ತಲಾ ಆದಾಯದಲ್ಲಿ ಪ್ರಪಂಚದ ಮೊದಲ ಸಾಲಲ್ಲಿದ್ರು. ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ನೌರು ಹೌಸ್ ಕಟ್ಟಿದ್ರು, 1977ರಲ್ಲಿ ಅದು ಆ ಊರಿನ ಅತಿ ಎತ್ತರದ ಕಟ್ಟಡ. ಟ್ರಸ್ಟಿನಲ್ಲಿ ನೂರು ಕೋಟಿ ಡಾಲರ್‌ಗೂ ಮೇಲೆ ಸೇರಿತ್ತು.

ಹುಬ್ಳಿ ಹೈದ
ಆಮ್ಯಾಲೆ ಎಲ್ಲಾ ಹಾಳ್ ಮಾಡಿಕೊಂಡ್ರು. ಬುದ್ಧಿ ಇರೂದು ಒಬ್ರಿಗೆ, ಇಲ್ಲದ್ದು ಇನ್ನೊಬ್ರಿಗೆ, ಇಷ್ಟ ಹೋಲಿಕಿ.

ಎಸ್ಸೆನ್ ಕನ್ನಡಿಗ
ಇಲ್ಲ ಅಣ್ಣ, ಇದನ್ನ ಬುದ್ಧಿ ಲೆಕ್ಕದಲ್ಲಿ ನೋಡಿದ್ರೆ ಮಕ್ಕಳಿಗೆ ತಪ್ಪು ಕಲಿಸಿದ ಹಾಗೆ. ಇಲ್ಲಿ ಗಣಿ ಕುಸಿದಾಗ ದೇಶದಲ್ಲಿ ಕಾರು, ಯಂತ್ರ, ಔಷಧ, ಬ್ಯಾಂಕು ಎಲ್ಲ ಇದ್ವು. ದಶಕಗಟ್ಟಲೆ ಕಲ್ಲಿದ್ದಲಿಗೆ ಸಬ್ಸಿಡಿ ಕೊಟ್ಟು ನಿಧಾನಕ್ಕೆ ಇಳಿಸಿದ್ರು. ಗಣಿ ಕೆಲಸದವರಿಗೆ ಬೇಗ ಪಿಂಚಣಿ ಕೊಟ್ರು. ಯೂನಿವರ್ಸಿಟಿ ಕಟ್ಟಿದ್ರು, ಬೋಖುಮ್‌ನಲ್ಲಿ 1965ರಲ್ಲಿ ಶುರುವಾಯ್ತು, ಅದಕ್ಕೆ ಮುಂಚೆ ಇಡೀ ಗಣಿ ಪ್ರದೇಶದಲ್ಲಿ ಒಂದೂ ಇರ್ಲಿಲ್ಲ. ಆ ಖರ್ಚೆಲ್ಲ ಹೊತ್ತದ್ದು 8 ಕೋಟಿ ಜನರ ದೇಶ. ನೌರುನಲ್ಲಿ ಅದನ್ನ ಹೊರೋಕೆ ಯಾರಿದ್ರು? ಒಬ್ಬ ಸಲಹೆಗಾರ ಮೋಸ ಮಾಡಿದ್ರೆ, ಒಂದು ಹೂಡಿಕೆ ಮುಳುಗಿದ್ರೆ ಇಡೀ ದೇಶಕ್ಕೇ ಪೆಟ್ಟು. ಮೋಸ ಮಾಡೋಕೆ ಹೊರಗಿನವರು ಸಾಲಾಗಿ ನಿಂತಿದ್ರು ಕೂಡ. ಜರ್ಮನಿಯಲ್ಲೂ ಬ್ಯಾಂಕ್ ಮುಳುಗಿವೆ, ದೇಶ ಮುಳುಗಲಿಲ್ಲ.

ಹುಬ್ಳಿ ಹೈದ
ಹ್ಞೂಂ. ಆದ್ರ ಅಷ್ಟ ಮಂದಿಗೆ ಸ್ವಂತ ವಿಮಾನ ಕಂಪನಿ, ಲಂಡನ್‌ನ್ಯಾಗ ನಾಟಕಕ್ಕ ಬಂಡವಾಳ, ಇವು ಬೇಕಿದ್ದಿಲ್ಲಲಾ? ತಪ್ಪು ಅಂತ ಹೇಳಾಕೂ ಅಂಜಬಾರ್ದು.

ಓದುಗ77
ಹೇಳ್ಬೇಕು. ಆ ಸಂಗೀತ ನಾಟಕ 1993ರಲ್ಲಿ ವಾರಗಳಲ್ಲೇ ಮುಚ್ಚಿಹೋಯ್ತು. ಸಾಲ ಏರಿ 2004ರಲ್ಲಿ ನೌರು ಹೌಸ್ ಮಾರಿದ್ರು, 2005ರಲ್ಲಿ ಕೊನೆಗೆ ಉಳಿದಿದ್ದ ಒಂದೇ ಒಂದು ವಿಮಾನವನ್ನೂ ಸಾಲಗಾರರು ಎತ್ಕೊಂಡು ಹೋದ್ರು. ಆಡಳಿತದವರ ಹೊಣೆ ಇದೆ. ಆದ್ರೆ ಲೆಕ್ಕದ ಇನ್ನೊಂದು ಪುಟನೂ ಇದೆ. ಸ್ವಾತಂತ್ರ್ಯಕ್ಕೆ ಮುಂಚೆ ಅಗೆದ ಜಾಗ ಸರಿಮಾಡಿ ಕೊಡಿ ಅಂತ ನೌರು 1989ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾ ಮೇಲೆ ಕೇಸ್ ಹಾಕ್ತು. 1992ರಲ್ಲಿ ಕೋರ್ಟು ಕೇಸ್ ನಡೀಬಹುದು ಅಂದ ತಕ್ಷಣ ಆಸ್ಟ್ರೇಲಿಯಾ ರಾಜಿಗೆ ಬಂತು, 1993ರಲ್ಲಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಮುಗೀತು. ಬ್ರಿಟನ್, ನ್ಯೂಜಿಲೆಂಡ್ ತಲಾ 1.2 ಕೋಟಿ ಸೇರಿಸಿದ್ವು. ಸುಮಾರು ಹತ್ತು ಸಾವಿರ ಜನರ ದೇಶ ಆ ಕೋರ್ಟಿರೋ ಹೇಗ್ ನಗರಕ್ಕೆ ಹೋಗಿ ಗೆದ್ದು ಬಂತು, ಇದನ್ನ ಮಕ್ಕಳಿಗೆ ಹೇಳದೇ ಇರಬೇಡಿ.

ಕೋಲಾರದ ಕುಡಿ
ಎಸ್ಸೆನ್ ಅಣ್ಣನ ಪೋಸ್ಟ್ ಓದಿ ಹೊಟ್ಟೆ ಉರೀತು. ನಾನು ಕೆಜಿಎಫ್‌ನವಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು. ನೂರಿಪ್ಪತ್ತು ವರ್ಷ ಚಿನ್ನ ಕೊಟ್ಟ ಜಾಗ. ಪಂಪ್ ನಿಂತು ಶಾಫ್ಟೆಲ್ಲ ನೀರು ತುಂಬಿದೆ, ಸೈನೈಡ್ ದಿಬ್ಬದ ಧೂಳು ಬೇಸಿಗೆ ಗಾಳಿಗೆ ಈಗಲೂ ಮನೆಯೊಳಗೆ ಬರುತ್ತೆ, ಒಣಗೋಕೆ ಹಾಕಿದ ಬಟ್ಟೆ ಮೇಲೆ ಕೂರುತ್ತೆ. ಯುವಕರು ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರ್ತಾರೆ. ನಮ್ಮದು ಸಣ್ಣ ದ್ವೀಪ ಅಲ್ಲ, ಬಡ ರಾಜ್ಯವೂ ಅಲ್ಲ. ಆದ್ರೂ ಮುಚ್ಚೋಕೆ ಮೊದಲು ಇಂಥ ನಿಧಿ ಒಂದು ಇಡ್ಬೇಕು ಅಂತ ಯಾರಿಗೂ ಹೊಳೀಲಿಲ್ಲ. ಹಾಗಾಗಿ ನೌರುನವರು ಇಟ್ಟು ಕಳ್ಕೊಂಡ್ರು ಅಂತ ಬೈಯೋಕೆ ನನಗೆ ಬಾಯಿ ಬರಲ್ಲ.

ಹುಬ್ಳಿ ಹೈದ
ಅಕ್ಕಾ, ನಿಮ್ಮ ಮಾತು ಒಪ್ಪಿದೆ. ಬುದ್ಧಿ ಅಂತ ಅಂದದ್ದನ್ನ ಬಿಡೂಣು.

ಡಾಕ್ಟರಮ್ಮ
ಆರೋಗ್ಯದ ಸಾಲು ಹಾಕೋದಾದ್ರೆ ದಯವಿಟ್ಟು "ಪ್ರಪಂಚದ ಅತಿ ದಪ್ಪ ಜನ" ಅಂತ ಬರೆಸಬೇಡಿ ಮೇಷ್ಟ್ರೇ. ಇಂಟರ್ನೆಟ್ ತುಂಬಾ ಅದೇ ಇದೆ. 1970ರ ದಶಕದಲ್ಲೇ ಅಲ್ಲಿ ಸರ್ವೆ ಮಾಡಿದಾಗ ಸುಮಾರು ಮೂರರಲ್ಲಿ ಒಬ್ಬ ವಯಸ್ಕರಿಗೆ ಸಕ್ಕರೆ ಕಾಯಿಲೆ ಇತ್ತು. ಕಾರಣ ಬರೆಸಿ: ತೋಟ, ಪಾಂಡನಸ್ (ಕೇದಗೆ ಜಾತಿ) ಮರ, ತೆಂಗು ಇದ್ದ ನೆಲ ಗಣಿಗೆ ಹೋಯ್ತು. ಮೀನು, ತೆಂಗಿನಕಾಯಿ ತಿಂತಿದ್ದವರ ತಟ್ಟೆಗೆ ಹಡಗಲ್ಲಿ ಬಂದ ಬಿಳಿ ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ ಬಂತು. ತಾಜಾ ತರಕಾರಿ ಸಿಕ್ಕರೂ ದುಬಾರಿ. ನಮ್ಮ ಓಪಿಡಿಯಲ್ಲೂ ಇದೇ ನೋಡ್ತೀನಿ, ರಾಗಿ ಬಿಟ್ಟು ಪಾಲಿಶ್ ಅಕ್ಕಿಗೆ ಬಂದ ಒಂದೆರಡು ತಲೆಮಾರಲ್ಲಿ ಇಡೀ ಮನೆಗೆ ಶುಗರ್. ಜನರ ಸೋಮಾರಿತನ ಅಂತ ಹೇಳಿ ಮುಗಿಸೋದು ವೈದ್ಯಕೀಯವಾಗಿ ಸುಳ್ಳು.

ಚುಕ್ಕಿ ಚಂದ್ರಮ
ಹಬ್ಬದ ಸಾಲು! ನೌರುನಲ್ಲಿ ಅಕ್ಟೋಬರ್ 26 ಅಂಗಾಮ್ ದಿನ. ಕಥೆ ಗೊತ್ತಾ? 1920ರಲ್ಲಿ ಫ್ಲೂ ಬಂದು ತುಂಬಾ ಜನ ಸತ್ರು. ಒಂದು ಜನಾಂಗವಾಗಿ ಉಳೀಬೇಕಾದ್ರೆ ಕನಿಷ್ಠ 1,500 ಜನ ಇರ್ಬೇಕು ಅಂತ ಅಂದ್ಕೊಂಡಿದ್ರು. 1932ರಲ್ಲಿ 1,500ನೇ ಮಗು ಹುಟ್ಟಿತು, ಹೆಣ್ಣು ಮಗು, ಹೆಸರು ಐಡಗರುವೊ. ಇಡೀ ದ್ವೀಪ ಹಬ್ಬ ಮಾಡ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು 1,200 ಜನರನ್ನ ಪೆಸಿಫಿಕ್‌ನ ಟ್ರಕ್ (ಈಗಿನ ಚುಕ್) ದ್ವೀಪಕ್ಕೆ ಕೂಲಿಗೆ ಸಾಗಿಸಿದ್ರು, ವಾಪಸ್ ಬಂದವರು 737. ಆ ಮಗುನೂ ಅಲ್ಲೇ ತೀರ್ಕೊಂಡಿತು. ಮತ್ತೆ 1,500 ಆಗಿದ್ದು 1949ರಲ್ಲಿ. ಬದುಕಿ ಉಳಿದವರು ಊರಿಗೆ ಬಂದ ದಿನ 1946ರ ಜನವರಿ 31, ಅದೇ ತಾರೀಖನ್ನ ಆಮೇಲೆ ಸ್ವಾತಂತ್ರ್ಯ ದಿನಕ್ಕೆ ಆರಿಸ್ಕೊಂಡ್ರು.

ಸಮಾಜ ಮೇಷ್ಟ್ರು
ಇದನ್ನ ನಿನ್ನೆ ಕ್ಲಾಸಲ್ಲಿ ಓದಿ ಹೇಳಿದೆ. ನಮ್ಮ ಇಡೀ ಹೈಸ್ಕೂಲಿಗಿಂತ ಸ್ವಲ್ಪ ಜಾಸ್ತಿ ಜನ ಅಷ್ಟೆ ಅಂತ ಒಬ್ಬ ಹುಡುಗ ಹೇಳಿದ, ಆಮೇಲೆ ಹಿಂದಿನ ಬೆಂಚಿಂದ ಒಬ್ಬಳು ಎದ್ದು, ಜರ್ಮನಿಯಲ್ಲಿ ಎಷ್ಟನೇ ಮಗುಗೆ ಹಬ್ಬ ಮಾಡ್ತಾರೆ ಸರ್ ಅಂದಳು. ನಾನು ಉತ್ತರ ಕೊಡದೆ ಅದನ್ನ ಹಾಗೇ ಹಲಗೆ ಮೇಲೆ ಬರೆದೆ. ಆ ಪ್ರಶ್ನೆ ಚಾರ್ಟಿಗೆ ಹೋಗುತ್ತೆ.

ಓದುಗ77
ಯುದ್ಧದ ಮಾತು ಬಂತು ಅಂತ ಇನ್ನೊಂದು. 1940ರ ಡಿಸೆಂಬರ್‌ನಲ್ಲಿ ಒರಿಯನ್, ಕೋಮೆಟ್ ಅನ್ನೋ ಎರಡು ಜರ್ಮನ್ ಹಡಗು ವೇಷ ಮರೆಸ್ಕೊಂಡು ನೌರು ಸುತ್ತ ಬಂದು ಐದು ಹಡಗು ಮುಳುಗಿಸಿದ್ವು, 27ನೇ ತಾರೀಖು ಕೋಮೆಟ್ ಬಂದರಿನ ಲೋಡಿಂಗ್ ಯಂತ್ರಗಳ ಮೇಲೆ ಗುಂಡು ಹಾರಿಸ್ತು. ಹಿಂದೆ ತಾನೇ ಆಳಿದ ದ್ವೀಪದ ಮೇಲೆ.

ಮ್ಯಾಪ್ ಮರುಳ
ಈಗ ನನ್ನ ಇಷ್ಟದ ಸಾಲು. ನೆಲ ಬಿಡಿ, ಸಮುದ್ರ ಅಳೀರಿ. ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ತೀರದಿಂದ 200 ನಾಟಿಕಲ್ ಮೈಲಿ, ಅಂದ್ರೆ 370 ಕಿ.ಮೀ ತನಕ ಮೀನು, ಖನಿಜ ಎಲ್ಲ ಆ ದೇಶದ್ದು. ನೌರುನದ್ದು 3 ಲಕ್ಷ ಚದರ ಕಿ.ಮೀ ದಾಟುತ್ತೆ. ಜರ್ಮನಿದು? 57 ಸಾವಿರ! ನೌರು ಸಮುದ್ರ ಜರ್ಮನಿ ಸಮುದ್ರದ ಐದು ಪಟ್ಟು.

ಮಕ್ಕಳು ಪೈ ಗುಣಿಸು ತ್ರಿಜ್ಯ ವರ್ಗ ಹಾಕಿ ನೋಡಿದ್ರೆ 4.3 ಲಕ್ಷ ಬರುತ್ತೆ, ಯಾಕೆ 3 ಲಕ್ಷ ಚಿಲ್ಲರೆ ಅಂತ ಕೇಳ್ತಾರೆ. ಪೂರ್ವಕ್ಕೆ 300 ಕಿ.ಮೀ ದೂರದಲ್ಲಿ ಕಿರಿಬಾಟಿಯ ಬನಾಬಾ ದ್ವೀಪ ಇದೆ, ಅಲ್ಲಿ ಮಧ್ಯಕ್ಕೆ ಗೆರೆ ಎಳೆದು ಹಂಚ್ಕೋಬೇಕು. ಉತ್ತರಕ್ಕೆ ಮಾರ್ಷಲ್ ದ್ವೀಪಗಳ ಕಡೆನೂ ಸ್ವಲ್ಪ ಹೋಗುತ್ತೆ. ಜರ್ಮನಿಗೆ ಕಮ್ಮಿ ಆಗಿದ್ದೂ ನೆರೆಯವರಿಂದಲೇ. ಉತ್ತರ ಸಮುದ್ರದಲ್ಲಿ ಅದರ ತೀರ ಒಳಕ್ಕೆ ಬಾಗಿದೆ, ಎರಡೂ ಪಕ್ಕ ಡೆನ್ಮಾರ್ಕ್, ನೆದರ್‌ಲೆಂಡ್ಸ್. ಸಮದೂರದ ಗೆರೆ ಎಳೆದ್ರೆ ಜರ್ಮನಿಗೆ ಒಂದು ತುಂಡು ಮೂಲೆ ಸಿಗ್ತಿತ್ತು. ಅದಕ್ಕೇ ಕೋರ್ಟಿಗೆ ಹೋಗಿ 1969ರಲ್ಲಿ ಗೆದ್ದು ಸ್ವಲ್ಪ ಜಾಸ್ತಿ ತಗೊಂಡ್ತು.

ಕಡಲ ಕರೆ
ಮಾರಾಯ್ರೆ, ಇದು ಮೊದಲೇ ಹೇಳ್ಬೇಕಿತ್ತು. ನಾವು ಮಲ್ಪೆಯವರು, ನಮಗೆ ದೇಶ ಅಂದ್ರೆ ಕಡಲೂ ಲೆಕ್ಕ ಉಂಟು. ನೌರು ಸುತ್ತ ಇರುವುದು ಟ್ಯೂನಾ, ಪರ್ಸೀನ್ ಬಲೆ ಹಾಕಿ ಹಿಡಿಯುವ ದೊಡ್ಡ ದೊಡ್ಡ ಹಡಗು ಬರ್ತದೆ. ಮೊದಲು ದೂರದ ದೇಶದವರು ಒಬ್ಬೊಬ್ಬ ದ್ವೀಪದವನನ್ನ ಬೇರೆ ಬೇರೆ ಕೂರಿಸಿ ಕಡಿಮೆ ರೇಟಿಗೆ ಲೈಸೆನ್ಸ್ ತಗೊಳ್ತಿದ್ರು. 1982ರಲ್ಲಿ ದ್ವೀಪದವರೆಲ್ಲ ಒಟ್ಟು ಸೇರಿ ಒಪ್ಪಂದ ಮಾಡಿಕೊಂಡ್ರು, ಅದರ ಹೆಸರೇ ನೌರು ಒಪ್ಪಂದ. ಪಪುವಾ ನ್ಯೂಗಿನಿ, ಕಿರಿಬಾಟಿ, ಟುವಾಲು ಎಲ್ಲ ಅದರಲ್ಲಿ ಉಂಟು. ಈಗ ಹಡಗಿಗೆ ದಿನದ ಲೆಕ್ಕ, ಒಂದು ದಿನ ಮೀನು ಹಿಡಿಯಲಿಕ್ಕೆ ಕನಿಷ್ಠ 8,000 ಅಮೆರಿಕನ್ ಡಾಲರ್, ಅದಕ್ಕಿಂತ ಕಮ್ಮಿಗೆ ಯಾರೂ ಕೊಡುವ ಹಾಗಿಲ್ಲ. ನಮ್ಮ ಕಡೆ ಬೋಟಿನವರು ಮೀನಿನ ರೇಟಿಗೆ ಇಷ್ಟು ಒಗ್ಗಟ್ಟು ಮಾಡಿದ್ದರೆ ಎಷ್ಟೋ ಮನೆ ಸಾಲದಿಂದ ಉಳೀತಿತ್ತು.

ಹುಬ್ಳಿ ಹೈದ
ಈ ಸಾಲಿನ್ಯಾಗ ಸಣ್ಣದು ದೊಡ್ಡದು ತಿರುಗಾಮುರುಗಾ ಆತು. ಚಲೋ ಐತಿ.

ಮ್ಯಾಪ್ ಮರುಳ
ಇನ್ನೂ ಇದೆ. ಸಮುದ್ರದ ತಳದಲ್ಲಿ ನಿಕ್ಕೆಲ್, ಕೋಬಾಲ್ಟ್, ಮ್ಯಾಂಗನೀಸ್ ಇರೋ ಆಲೂಗಡ್ಡೆ ಗಾತ್ರದ ಗಡ್ಡೆಗಳು ಬಿದ್ದಿವೆ. ಯಾವ ದೇಶಕ್ಕೂ ಸೇರದ ಜಾಗ, ಜಮೈಕಾದಲ್ಲಿ ಕೂತಿರೋ ಅಂತರರಾಷ್ಟ್ರೀಯ ಸಂಸ್ಥೆ ಹುಡುಕೋಕೆ ಪರವಾನಗಿ ಕೊಡುತ್ತೆ. ಜರ್ಮನಿಗೆ 2006ರಲ್ಲಿ ಪೆಸಿಫಿಕ್‌ನಲ್ಲಿ ಸುಮಾರು 75,000 ಚದರ ಕಿ.ಮೀ ಸಿಕ್ತು. ನೌರು ಬೆಂಬಲ ಕೊಟ್ಟ ಕಂಪನಿಗೆ 2011ರಲ್ಲಿ ಅದೇ ಕಡೆ ಸುಮಾರು 75,000. ನಮ್ಮ ಭಾರತಕ್ಕೂ ಹಿಂದೂ ಮಹಾಸಾಗರದ ನಡುವೆ ಅಷ್ಟೇ, 75,000. ಮೂರಕ್ಕೂ ಒಂದೇ ಅಳತೆ!

ಜಗಳ ಎಲ್ಲಿ ಅಂದ್ರೆ 2021ರಲ್ಲಿ ನೌರು, ಎರಡು ವರ್ಷದೊಳಗೆ ಗಣಿಗಾರಿಕೆಯ ನಿಯಮ ಮುಗಿಸಿ ಅಂತ ಅರ್ಜಿ ಹಾಕ್ತು, ಕಾನೂನಿನಲ್ಲಿ ಆ ಅವಕಾಶ ಇದೆ. ಇಡೀ ಪ್ರಪಂಚ ಓಡಾಡ್ಬೇಕಾಯ್ತು. ಜರ್ಮನಿ 2022ರಲ್ಲಿ ಸದ್ಯಕ್ಕೆ ಬೇಡ, ಮೊದಲು ಪರಿಸರಕ್ಕೆ ಏನಾಗುತ್ತೆ ತಿಳ್ಕೊಳ್ಳೋಣ ಅಂತು.

ಕೋಲಾರದ ಕುಡಿ
ಇದು ನನಗೆ ತಡ್ಕೊಳ್ಳೋಕಾಗಲ್ಲ. ಗಣಿಯಿಂದಲೇ ಹಾಳಾದ ದೇಶ ಮತ್ತೆ ಗಣಿ ಬೇಕು ಅಂತಿದೆಯಾ? ಅದೂ ಸಮುದ್ರದ ತಳದಲ್ಲಿ.

ಓದುಗ77
ಅವರ ವಾದನೂ ಕೇಳಿ ಮೇಡಂ. ಹವಾಮಾನ ಕೆಡಿಸಿದವರು ದೊಡ್ಡ ದೇಶದವರು, ಬ್ಯಾಟರಿಗೆ ಲೋಹ ಬೇಕು ಅಂತಿರೋರೂ ಅವರೇ, ಈಗ ನಮಗೆ ಆದಾಯ ಬರೋ ಹೊತ್ತಿಗೆ ಪರಿಸರ ಪಾಠ ಹೇಳ್ತಾರೆ ಅಂತ. ಜರ್ಮನಿ 2023ರ ಜನವರಿಯಲ್ಲಿ ಲ್ಯೂಟ್ಸೆರಾತ್ ಹಳ್ಳಿ ಖಾಲಿ ಮಾಡ್ಸಿ ಕಂದು ಕಲ್ಲಿದ್ದಲು ಅಗೆಯೋಕೆ ಹೋಗಿತ್ತಲ್ಲ, ಅದನ್ನ ಅಲ್ಲಿನವರೂ ಟಿವಿಯಲ್ಲಿ ನೋಡಿರ್ತಾರೆ.

ಕೋಲಾರದ ಕುಡಿ
ವಾದ ಅರ್ಥ ಆಯ್ತು. ಆದ್ರೆ ಲಾಭ ಹೋಗೋದು ಆ ವಿದೇಶಿ ಕಂಪನಿಗೆ, ಹೆಸರು ನೌರುದು. 1907ರಲ್ಲೂ ಇದೇ ಆಗಿದ್ದು ಅಂತ ನೀವೇ ಮೇಲೆ ಬರೆದಿದ್ದೀರಿ. ಮೂಲತಃ ಅದು ಕೆನಡಾದ ಕಂಪನಿ, 2025ರಲ್ಲಿ ಅಮೆರಿಕದ ಕಾನೂನಿನಡಿ ಬೇರೆ ಅರ್ಜಿ ಹಾಕ್ತು ಅಂತ ಓದಿದೆ. ಅಲ್ಲಿ ನೌರು ಕೈಗೆ ಎಷ್ಟು ಉಳಿಯುತ್ತೆ?

ಎಸ್ಸೆನ್ ಕನ್ನಡಿಗ
ಇಬ್ರೂ ಹೇಳ್ತಿರೋದು ಸರಿ ಅನ್ಸುತ್ತೆ ನನಗೆ, ಲ್ಯೂಟ್ಸೆರಾತ್ ನಮ್ಮಿಂದ ದೂರ ಇಲ್ಲ, ಆ ಕೆಸರಲ್ಲಿ ಪ್ರತಿಭಟನೆಗೆ ನಿಂತ ಹುಡುಗರಲ್ಲಿ ನನ್ನ ಸಹೋದ್ಯೋಗಿಯ ಮಗನೂ ಇದ್ದ. ಇಲ್ಲಿ ಜನ ಒಂದೇ ಅಭಿಪ್ರಾಯದಲ್ಲಿಲ್ಲ, ನೌರುನಲ್ಲೂ ಇರಲ್ಲ. ಚಾರ್ಟಲ್ಲಿ ಜರ್ಮನಿ ಹೀಗೆ ಅನ್ನುತ್ತೆ, ನೌರು ಹಾಗೆ ಅನ್ನುತ್ತೆ ಅಂತ ಬರೆಯೋ ಬದಲು ಸರ್ಕಾರ ಅಂತ ಬರೀರಿ.

ಮ್ಯಾಪ್ ಮರುಳ
ಸರ್ಕಾರ ಅಂದ ಮೇಲೆ ಚುನಾವಣೆ. ನೌರುನಲ್ಲಿ 19 ಸೀಟು, 20 ತುಂಬಿದವರಿಗೆ ವೋಟು ಕಡ್ಡಾಯ, ಎಲ್ಲ ಅಭ್ಯರ್ಥಿಗಳಿಗೂ 1, 2, 3 ಅಂತ ಕ್ರಮ ಹಾಕ್ಬೇಕು. ಮೊದಲನೆಯವನಿಗೆ ಒಂದು ವೋಟು, ಎರಡನೆಯವನಿಗೆ ಅರ್ಧ, ಮೂರನೆಯವನಿಗೆ ಮೂರರಲ್ಲಿ ಒಂದು. ಗಣಿತದ ಮೇಷ್ಟ್ರನ್ನೂ ಸೇರಿಸ್ಕೊಳ್ಳಿ, ಕ್ಲಾಸ್ ಲೀಡರ್ ಚುನಾವಣೆ ಹೀಗೆ ಮಾಡ್ಸಿ. ಜರ್ಮನಿಯಲ್ಲಿ ಒಬ್ಬರಿಗೆ ಎರಡು ವೋಟು, ಒಂದು ಕ್ಷೇತ್ರದ ಅಭ್ಯರ್ಥಿಗೆ, ಒಂದು ಪಕ್ಷಕ್ಕೆ.

ಸರ್ಕಾರ ಬೀಳಿಸೋದು ನೋಡಿ. ಜರ್ಮನಿಯಲ್ಲಿ ಚಾನ್ಸೆಲರ್‌ನ ಇಳಿಸಬೇಕಾದ್ರೆ ಅದೇ ವೋಟಿನಲ್ಲಿ ಮುಂದಿನವರನ್ನ ಆರಿಸಬೇಕು, 1982ರಲ್ಲಿ ಸ್ಮಿಟ್ ಹೋಗಿ ಕೋಲ್ ಬಂದಾಗ ಒಂದೇ ಸಲ ಅದು ಗೆದ್ದಿದ್ದು. ನೌರುನಲ್ಲಿ ಅವಿಶ್ವಾಸ ಒಂದೇ ಸಾಕು, 2003ರ ಒಂದೇ ವರ್ಷದಲ್ಲಿ ಅಧ್ಯಕ್ಷರು ಹಲವು ಸಲ ಬದಲಾದ್ರು. ವಿಶ್ವಸಂಸ್ಥೆಯಲ್ಲಿ ಮಾತ್ರ ಜರ್ಮನಿಗೂ ಒಂದು ವೋಟು, ನೌರುಗೂ ಒಂದು.

ಹುಬ್ಳಿ ಹೈದ
ಆ ಪಾಸ್‌ಪೋರ್ಟ್ ವಿಷಯ ಯಾರೂ ಹೇಳ್ಲಿಲ್ಲ ನೋಡ್ರಿ.

ಬ್ರಿಸ್ಬೇನ್ ಬಸವ
2025ರಲ್ಲಿ ಶುರು ಮಾಡಿದ್ದಾರೆ, 1,05,000 ಅಮೆರಿಕನ್ ಡಾಲರಿಂದ. ಜರ್ಮನಿಯಲ್ಲಿ ಐದು ವರ್ಷ ಇದ್ದು, ಭಾಷೆ ಕಲಿತು, ಪರೀಕ್ಷೆ ಬರೀಬೇಕು. ಯಾವುದು ತಗೊಂಡ್ರೂ ನಮ್ಮ ಭಾರತದ್ದು ಬಿಡ್ಬೇಕು. ನೌರು ಆ ದುಡ್ಡು ಯಾತಕ್ಕೆ ಅಂತ ಹೇಳುತ್ತೆ ಅಂದ್ರೆ, ಸಮುದ್ರ ಏರ್ತಿರೋದ್ರಿಂದ ತೀರದಲ್ಲಿರೋ ಮನೆಗಳನ್ನ ಮೇಲಕ್ಕೆ ಸಾಗಿಸೋಕೆ. ಬಹುಪಾಲು ಜನ ಇರೋದು ದ್ವೀಪದ ಸುತ್ತ ಅಂಚಲ್ಲಿ, ಸುತ್ತು ರಸ್ತೆ 19 ಕಿ.ಮೀ ಅಷ್ಟೆ. ಮೇಲೆ ಅಂದ್ರೆ ಆ ಗಣಿ ಜಾಗನೇ.

ಸಮಾಜ ಮೇಷ್ಟ್ರು
ಆ ಗಣಿ ಜಾಗದಲ್ಲಿ ಮನೆ ಕಟ್ಟೋಕಾಗುತ್ತಾ? ಫೋಟೋದಲ್ಲಿ ಬರೀ ಕಲ್ಲಿನ ಗೂಟ ಕಾಣುತ್ತೆ. ಮಕ್ಕಳು ಕೇಳೇ ಕೇಳ್ತಾರೆ.

ಬ್ರಿಸ್ಬೇನ್ ಬಸವ
ಕೆಲಸಕ್ಕೆ ಅಂತ ಹೋಗಿ ಬಂದ ನಮ್ಮ ಗೆಳೆಯರೊಬ್ಬರು ಹೇಳಿದ್ದು ಇದು. ಆ ಗೂಟಗಳು ಹಳೇ ಹವಳದ ಸುಣ್ಣಕಲ್ಲು, ಮಧ್ಯದ ಫಾಸ್ಫೇಟ್ ತೆಗೆದ್ಮೇಲೆ ಉಳಿದದ್ದು, ಆಳೆತ್ತರಕ್ಕಿಂತ ಎಷ್ಟೋ ಎತ್ತರ. ನಡುವೆ ಇಳಿದ್ರೆ ಗಾಳಿ ಆಡಲ್ಲ, ಬಿಳಿ ಕಲ್ಲಿನ ಝಳ ಮುಖಕ್ಕೆ ಹೊಡೆಯುತ್ತೆ. ಅದನ್ನ ಒಡೆದು ಜಲ್ಲಿ ಮಾಡಿ, ಸಮತಟ್ಟು ಮಾಡಿ, ಆಮೇಲೆ ಮಣ್ಣು ಹಾಕ್ಬೇಕು, ಆ ಮಣ್ಣು ದ್ವೀಪದಲ್ಲಿ ಇಲ್ಲ. ಇದಕ್ಕೆ ಅಂತಲೇ ನೌರು ಪುನರ್ವಸತಿ ನಿಗಮ ಇದೆ, ಆಗಿರೋದು ಸ್ವಲ್ಪ ಭಾಗ. ಜನರಲ್ಲಿ ಹೆಚ್ಚಿನವರನ್ನ ಎತ್ತರಕ್ಕೆ ಕರ್ಕೊಂಡು ಹೋಗೋ ಯೋಜನೆ ಇದೆ. ಹಾಗಾಗಿ ಉತ್ತರ ಏನಂದ್ರೆ, ಕಟ್ಟೋಕಾಗುತ್ತೆ, ದುಡ್ಡು ಮತ್ತೆ ಸಮಯ ಇದ್ರೆ.

ಎಸ್ಸೆನ್ ಕನ್ನಡಿಗ
1964ರಲ್ಲಿ ಆಸ್ಟ್ರೇಲಿಯಾ ನಿಮಗೆ ನಮ್ಮ ತೀರದ ಕರ್ಟಿಸ್ ದ್ವೀಪ ಕೊಡ್ತೀವಿ, ಎಲ್ರೂ ಅಲ್ಲಿಗೆ ಬನ್ನಿ ಅಂದಾಗ ನೌರುನವರು ಬೇಡ ಅಂದಿದ್ರು, ಅಲ್ಲಿ ಪ್ರತ್ಯೇಕ ರಾಷ್ಟ್ರವಾಗಿ ಇರೋಕಾಗಲ್ಲ ಅಂತ. ಇದೂ ಹಾಕ್ಸಿ ಮೇಷ್ಟ್ರೇ. ಜರ್ಮನಿ ಕಡೆ ಖಾನೆಗೆ ಇಲ್ಲಿನ ಗಣಿ ಹಳ್ಳಿಗಳನ್ನ ಬರೀಬಹುದು, ಕಂದು ಕಲ್ಲಿದ್ದಲಿಗೆ ಊರಿಗೆ ಊರೇ ಎತ್ತಿ ಹತ್ತಿರದಲ್ಲಿ ಹೊಸ ಹೆಸರಿನ ಬಡಾವಣೆ ಮಾಡಿ ಕೂರಿಸಿದ್ದಾರೆ. ಬೇಕಾದ್ರೆ ನಾನು ಪಂಪ್ ಮನೆ ಮತ್ತೆ ಅಂಥ ಒಂದು ಹಳ್ಳಿಯ ಫೋಟೋ ತೆಗೆದು ಕಳಿಸ್ತೀನಿ, ಭಾನುವಾರ ಆಗ್ಬಹುದಾ?

ಸಮಾಜ ಮೇಷ್ಟ್ರು
ದಯವಿಟ್ಟು ಕಳಿಸಿ ಸರ್. ಸೋಮವಾರ ಚಾರ್ಟು ಗೋಡೆಗೆ ಹೋಗುತ್ತೆ, ಮ್ಯಾಪ್ ಮರುಳರ ಸಮುದ್ರದ ವೃತ್ತ ಬಿಡಿಸೋಕೆ ಇವತ್ತೇ ದೊಡ್ಡ ಕಂಪಾಸ್ ತಂದಿದ್ದೀವಿ.

ಮ್ಯಾಪ್ ಮರುಳ
ವೃತ್ತದ ಪೂರ್ವಕ್ಕೆ ಬನಾಬಾ ಹತ್ರ ಕತ್ತರಿಸೋದು ಮರೀಬೇಡಿ, ಇಲ್ಲಾಂದ್ರೆ ಕಿರಿಬಾಟಿ ಪಾಲು ನೌರುಗೆ ಹೋಗುತ್ತೆ.